ಹಾಳೆಯ ಕೊನೆಯ ನಾಲ್ಕು ಬೆರಳು

ಹೋದ ತಿಂಗಳು ಮನೆಗೆ ಸುಣ್ಣ ಹೊಡೆಸುವಾಗ ಒಳಕೋಣೆಯ ಮೂಲೆಯಲ್ಲಿದ್ದ ಟ್ರಂಕನ್ನು ಸರಿಸಬೇಕಾಯಿತು. ಅದು ಅಕ್ಕನದು. ಅವಳು ಹೋದ ಮೇಲೆ ಅದನ್ನು ಯಾರೂ ತೆಗೆದಿರಲಿಲ್ಲ. ಮುಚ್ಚಳ ಎತ್ತಿದ ಕೂಡಲೇ ಪೌಡರಿನ ವಾಸನೆ ಬಂತು. ಒಳಗೆ ಪೌಡರಿನ ಡಬ್ಬಿ ಇರಲಿಲ್ಲ. ವಾಸನೆ ಅವಳ ತೋಳಿನ ಚೀಲದ್ದು. ಕಾಲುಚೀಲದ ಹಾಗೆ ಜಗ್ಗಿ ಏರಿಸುವಂಥದ್ದು, ಮೈಬಣ್ಣದ್ದು, ಬಹಳ ಬಿಗಿ. ಎದೆಯ ಆಪರೇಷನ್ ಆದವರಿಗೆ ಆ ಕಡೆಯ ಕೈ ಬಾವು ಬರುತ್ತದೆ, ಅದನ್ನು ಒತ್ತಿ ಹಿಡಿಯಲು ಆಸ್ಪತ್ರೆಯವರು ಕೊಟ್ಟಿದ್ದು. ಅಕ್ಕ ದಿನಾ ಮುಂಜಾನೆ ಬಲಗೈಗೆ ಪೌಡರ್ ಬಳಿದುಕೊಂಡು, ಹಲ್ಲು ಕಚ್ಚಿ ಅದನ್ನು ಏರಿಸುತ್ತಿದ್ದಳು. ಪೌಡರ್ ಇಲ್ಲದಿದ್ದರೆ ಮೊಣಕೈ ದಾಟುತ್ತಿರಲಿಲ್ಲ.

ಸುಣ್ಣ ಹೊಡೆಯುವವನು, ಇದನ್ನು ಹೊರಗೆ ಎಸೆಯುವುದೇನು ಎಂದು ಕೇಳಿದ. ಬೇಡ ಎಂದೆ.

ನಾನು ಓದಿದವನಲ್ಲ. ಆರನೆಯ ಇಯತ್ತೆಗೆ ಶಾಲೆ ಬಿಟ್ಟು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ ಸೇರಿದೆ. ಮೊದಲು ಹಾಳೆ ಮಡಚುವುದು, ಆಮೇಲೆ ಹೊಲಿಗೆ, ಆಮೇಲೆ ಕಟಿಂಗ್ ಮಷಿನ್ನು. ಕನ್ನಡ ಕಲಿತದ್ದು ಕೂಡ ಅಲ್ಲಿಯೇ, ಬೇರೆಯವರ ಪುಸ್ತಕಗಳ ಹಾಳೆ ಜೋಡಿಸುತ್ತ ಓದಿ ಓದಿ. ಹೀಗಾಗಿ ಬರೆಯುವ ಧೈರ್ಯ ಮಾಡಿದ್ದೇನೆ. ಅಕ್ಕನನ್ನು ಹೊಗಳಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅವಳಿಗೆ ನಾನು ಮಾಡಿದ್ದನ್ನು ಒಮ್ಮೆ ಪೂರ್ತಿ ಹೇಳಬೇಕಾಗಿದೆ.

ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪ ಮಗ್ಗದ ಕುಣಿಯಲ್ಲಿ ಕುಳಿತು ಸೀರೆ ನೇಯುತ್ತಿದ್ದರೆ ಅಕ್ಕ ಪಕ್ಕದಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನಗೆ ಉಣ್ಣಿಸಿದವಳೂ ಅವಳೇ, ಬಡಿದವಳೂ ಅವಳೇ. ಶಿರಹಟ್ಟಿಗೆ ಮದುವೆ ಮಾಡಿ ಕೊಟ್ಟೆವು. ಮಕ್ಕಳಾಗಲಿಲ್ಲ. ಅದನ್ನೂ ಗಂಡನ ಮನೆಯವರು ಹೇಗೋ ನುಂಗಿಕೊಂಡಿದ್ದರು. ಎದೆಯಲ್ಲಿ ಗಂಟು ಕಂಡಾಗ, ತವರಿಗೆ ಹೋಗಿ ತೋರಿಸಿಕೊಂಡು ಬಾ ಎಂದು ಬಸ್ಸು ಹತ್ತಿಸಿದರು. ತೋರಿಸಿದೆವು. ಕರೆದುಕೊಂಡು ಹೋಗಲು ಮತ್ತೆ ಯಾರೂ ಬರಲಿಲ್ಲ.

ಗದಗ ಬೇರೆ ಜಿಲ್ಲೆಯಾಗಿ ಆಗ ಏಳೆಂಟು ವರ್ಷವಾಗಿರಬೇಕು. ಕಚೇರಿ ಕೆಲಸಕ್ಕೆ ಧಾರವಾಡಕ್ಕೆ ಅಲೆಯುವುದು ತಪ್ಪಿತ್ತು. ಈ ರೋಗಕ್ಕೆ ಮಾತ್ರ ಹುಬ್ಬಳ್ಳಿಗೇ ಹೋಗಬೇಕು. ಆಪರೇಷನ್ ಆಯಿತು. ಕೂದಲು ಹೋದವು. ಆಮೇಲೆ ರೇಡಿಯೇಷನ್ನು, ನಮ್ಮ ಕಡೆ ಕರೆಂಟು ಕೊಡುವುದು ಎನ್ನುತ್ತಾರಲ್ಲ, ಅದು ಒಂದೂವರೆ ತಿಂಗಳು. ನಾನು ಪ್ರೆಸ್ಸಿಗೆ ರಜೆ ಹಾಕಿ ಜೊತೆಗೆ ಹೋಗುತ್ತಿದ್ದೆ. ಆ ದಿನಗಳ ಬಗ್ಗೆ ನನ್ನಲ್ಲಿ ಅಳುಕಿಲ್ಲ. ತಮ್ಮನಾದವನು ಮಾಡಬೇಕಾದ್ದನ್ನು ಮಾಡಿದ್ದೇನೆ. ನಾನು ತಪ್ಪಿದ್ದು ಅವಳು ಗುಣವಾದ ಮೇಲೆ.

ಐದು ವರ್ಷ ಕಳೆದು ತಪಾಸಣೆಗೆ ಹೋದಾಗ ಅಲ್ಲೊಬ್ಬ ಲೇಡಿ ಡಾಕ್ಟರು ಸಂಶೋಧನೆ ನಡೆಸಿದ್ದರು. ಎಲ್ಲರೂ ಅವರನ್ನು ಬಾಯಾರು ಎನ್ನುತ್ತಿದ್ದರು. ಗುಣವಾದ ಹೆಂಗಸರು ಮನೆಗೆ ಹೋದ ಮೇಲೆ ಹೇಗಿರುತ್ತಾರೆ, ಕೆಲವರು ಅರ್ಧಕ್ಕೇ ಬರುವುದನ್ನು ಏಕೆ ಬಿಡುತ್ತಾರೆ ಎಂದು ತಿಳಿಯುವುದು ಅವರ ಉದ್ದೇಶ. ಸಾಲಿನಲ್ಲಿ ಕುಳಿತವರ ಕೈಗೆ ಟೇಪು ಸುತ್ತಿ ಬಾವು ಅಳೆದು, ಕೈ ನೋವು ಇದೆಯೇ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಎಲ್ಲರೂ ಇಲ್ಲ ಎನ್ನುತ್ತಿದ್ದರು. ಅಕ್ಕ ತನ್ನ ಸರದಿ ಬಂದಾಗ, ಹೀಗೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ ಎಂದಳಂತೆ. ನೋವು ಅಂದರೆ ಮತ್ತೆ ಮಂಚಕ್ಕೆ ಹಾಕುತ್ತಾರೆ ಎಂಬ ಅಂಜಿಕೆ. ಹಾಗಾದರೆ ಏನು ಕೇಳಬೇಕು ಎಂದು ಬಾಯಾರು ಕೇಳಿದರು.

“ದಿನಾ ಎಷ್ಟು ರೊಟ್ಟಿ ಬಡೀತೀರಿ ಅಂತ ಕೇಳ್ರಿ. ಮದಲ ಎಷ್ಟು ಬಡೀತಿದ್ರಿ ಅಂತ ಕೇಳ್ರಿ. ನಿಮಗ ಬೇಕಾದ್ದೆಲ್ಲಾ ಅದರಾಗ ಐತಿ.”

ಬಾಯಾರು ಅದನ್ನು ಬರೆದುಕೊಂಡರು. ಮುಂದಿನ ತಿಂಗಳು ಸಭೆಗೆ ಬರಬೇಕೆಂದು ಅಕ್ಕನಿಗೆ ಕರೆ ಬಂತು. ದೊಡ್ಡ ದೊಡ್ಡ ಡಾಕ್ಟರುಗಳ ನಡುವೆ ಇವಳಿಗೂ ಒಂದು ಕುರ್ಚಿ. ಮುಂದೆ ‘ರೋಗಿಗಳ ಪ್ರತಿನಿಧಿ’ ಎಂದು ಬರೆದ ಒಂದು ಕಾರ್ಡು. ಮನೆಗೆ ಬಂದು, ಅವರು ಇಂಗ್ಲಿಷಿನಲ್ಲಿ ಜಗಳಾಡುತ್ತಾರೆ, ಬಿಸ್ಕೀಟು ಮಾತ್ರ ಯಾರೂ ಮುಟ್ಟುವುದಿಲ್ಲ, ನಾಲ್ಕೂ ನಾನೇ ತಿಂದೆ ಎಂದು ನಗಿಸಿದಳು. ಆದರೆ ಎರಡನೆಯ ಸಭೆಯಲ್ಲೇ ಅವಳು ಅವರ ಲೆಕ್ಕಾಚಾರ ಕೆಡಿಸಿದ್ದಳು. ಹೆಂಗಸರಿಗೆ ಫೋನ್ ಮಾಡಿ ವಿಚಾರಿಸುವುದು ಎಂದು ಅವರು ಗೊತ್ತುಮಾಡಿದ್ದರು. ಫೋನ್ ಇರುವುದು ಮಗನ ಕಿಸೆಯಲ್ಲಿ, ಮಗನ ಮುಂದೆ ನಿಂತು ಯಾವ ತಾಯಿ ಎದೆಯ ಮಾತು ಆಡುತ್ತಾಳೆ ಎಂದು ಇವಳು ಕೇಳಿದಳು. ಕೊನೆಗೆ ಅಕ್ಕನೇ ಬಾಯಾರ ಜೊತೆ ಊರೂರಿಗೆ ಹೋಗುವುದು ಎಂದಾಯಿತು.

ಯಳವತ್ತಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹಳ್ಳಿಗಳು… ಹೆಗಲಿಗೆ ಬಟ್ಟೆಯ ಚೀಲ, ಅದರಲ್ಲಿ ಪ್ರಶ್ನೆಗಳ ಹಾಳೆ. ಹೆಂಗಸರು ಪರೀಕ್ಷೆಗೆ ರಕ್ತ ಕೊಡಲು ಹೆದರುತ್ತಿದ್ದರು, ಮಾರಿಕೊಳ್ಳುತ್ತಾರೆ ಎಂಬ ಮಾತಿತ್ತು. ಅದು ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ಏನು ಹುಡುಕುತ್ತಾರೆ ಎಂಬುದನ್ನು ಮೊದಲು ತಾನು ತಿಳಿದುಕೊಂಡು ಆಮೇಲೆ ಹೇಳುತ್ತಿದ್ದಳು. ಯಾರಾದರೂ ಬೇಡ ಎಂದರೆ ಮತ್ತೊಮ್ಮೆ ಒತ್ತಾಯ ಮಾಡಲು ಬಾಯಾರನ್ನೂ ಬಿಡುತ್ತಿರಲಿಲ್ಲ. ಬೇಡ ಅನ್ನಲಿಕ್ಕೂ ಹೆಂಗಸಿಗೆ ಪುರುಸೊತ್ತು ಕೊಡಬೇಕು ಎನ್ನುತ್ತಿದ್ದಳು.

ಅದೇ ಹೊತ್ತಿಗೆ ನನ್ನ ಮಗಳಿಗೆ ಮುಂಡರಗಿಯ ಸಂಬಂಧ ಬಂತು. ಹುಡುಗ ಶಾಲೆಯ ಮಾಸ್ತರ. ತಂದೆ ಇಲ್ಲ, ತಾಯಿ ಮತ್ತು ಮಗ ಇಬ್ಬರೇ. ಹೆಣ್ಣು ನೋಡಲು ಬಂದ ದಿನ ಅಕ್ಕ ತುಂಬು ತೋಳಿನ ಕುಪ್ಪಸ ಹಾಕಿಕೊಂಡು ಅವಲಕ್ಕಿಯ ತಾಟು ತಂದಿಟ್ಟಳು. ಹುಡುಗನ ಸೋದರಮಾವ ಅವಳ ಬಾತ ಕೈ ನೋಡಿ, ಏನಾಗಿದೆ ಎಂದು ಕೇಳಿದರು.

“ಬಾವಿಕಟ್ಟಿ ಮ್ಯಾಲ ಬಿದ್ದಿದ್ಲ್ರಿ,” ಎಂದೆ.

ಮನೆತನದಲ್ಲಿ ಬೇರೆ ಬೇನೆ ಏನಾದರೂ ಇದೆಯೇ ಎಂದರು. ಇಲ್ಲ ಎಂದೆ. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು, ನೀರಿನ ತಂಬಿಗೆ ತಂದಿಟ್ಟಳು, ಹುಡುಗನ ತಾಯಿಯ ಪಕ್ಕದಲ್ಲಿ ಕುಳಿತು ಸೀರೆಯ ಮಾತಾಡಿದಳು. ಅವರೆಲ್ಲ ಹೋದ ಮೇಲೆ ನನ್ನನ್ನು ಕರೆದು ಹೇಳಿದಳು:

“ನಿನ್ನ ಮಗಳ ಸಲುವಾಗಿ ಮನ್ಯಾಗ ಬಾಯಿ ಮುಚ್ಚಿಕೊಂಡೇನಿ, ತಮ್ಮಾ. ಹೊರಗೂ ಮುಚ್ಚಿಕೋ ಅನಬ್ಯಾಡ.”

ಆಗಲಿ ಎಂದು ತಲೆ ಆಡಿಸಿದೆ. ಆದರೆ ನನಗೆ ಶಿರಹಟ್ಟಿಯ ಬಸ್ಸು ನೆನಪಿಗೆ ಬರುತ್ತಿತ್ತು. ಈ ರೋಗದ ಹೆಸರು ಕೇಳಿದರೆ ಸಾಕು, ಹೆಣ್ಣನ್ನು ಹೇಗೆ ಕಳಿಸುತ್ತಾರೆ ಎಂದು ನೋಡಿದವನು ನಾನು. ಸೋದರತ್ತೆಗೆ ಬಂದದ್ದು ನನ್ನ ಮಗಳಿಗೂ ಬಂದೀತು ಎಂದು ಅವರು ಯೋಚಿಸಿದರೆ? ಇದು ನೆವವಲ್ಲ. ಆಗ ನನ್ನ ತಲೆಯಲ್ಲಿ ಇದ್ದದ್ದನ್ನು ಹೇಳುತ್ತಿದ್ದೇನೆ.

ಮಳೆಗಾಲದ ಮುಂಚೆ ಆಸ್ಪತ್ರೆಯವರು ಒಂದು ಕರಪತ್ರ ಅಚ್ಚು ಹಾಕಿಸಬೇಕೆಂದರು. ಊರೂರಿನ ಆಶಾ ಕಾರ್ಯಕರ್ತೆಯರು ಅದನ್ನು ಮನೆಮನೆಗೆ ಕೊಟ್ಟು, ಎದೆಯಲ್ಲಿ ಗಂಟು ಕಂಡವರು ಬಂದು ತೋರಿಸಿಕೊಳ್ಳಲಿ, ಸಂಶೋಧನೆಗೆ ಸೇರಲು ಮನಸ್ಸಿದ್ದವರು ಸೇರಲಿ ಎಂದು ಹೇಳಬೇಕು. ಅಕ್ಕ ಅದರಲ್ಲಿ ಎರಡು ವಿಷಯಕ್ಕೆ ಹಟ ಹಿಡಿದಿದ್ದಳು. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ, ನೀವು ಸಂಶೋಧನೆಗೆ ಬೇಡ ಅಂದರೂ ನಿಮ್ಮ ಔಷಧ ನಿಲ್ಲುವುದಿಲ್ಲ ಎಂದು ಇರಬೇಕು. ಕೆಳಗೆ ತನ್ನ ಫೋಟೋ ಇರಬೇಕು. ಫೋಟೋದ ಪಕ್ಕದಲ್ಲಿ ನಾಲ್ಕು ಸಾಲು: ನಾನು ಬೆಟಗೇರಿಯ ನೇಕಾರರ ಮನೆಯವಳು. ಇದೇ ರೋಗ ನನಗೂ ಆಗಿತ್ತು. ಆರು ವರ್ಷವಾಯಿತು. ನಾನು ಇದ್ದೇನೆ.

ಮುಖ ಹಾಕುವುದಕ್ಕೆ ಬಾಯಾರೇ ಹಿಂದೆಮುಂದೆ ನೋಡಿದರು. ಒಪ್ಪಿಗೆಯ ಕಾಗದ ಕೊಟ್ಟು, ವಾರ ಮನೆಯಲ್ಲಿಟ್ಟುಕೊಂಡು ಯೋಚನೆ ಮಾಡಿ ಎಂದರು. ಅಕ್ಕ ವಾರ ಇಟ್ಟುಕೊಂಡಳು. ಎಂಟನೆಯ ದಿನ ಸಹಿ ಮಾಡಿದಳು. ನಾನು ಕೇಳದಿದ್ದರೂ ನನಗೆ ಕಾರಣ ಹೇಳಿದಳು. ಮಂದಿ ಕಾಗದ ನಂಬುವುದಿಲ್ಲ, ಮುಖ ನೋಡಿ ನಂಬುತ್ತಾರೆ, ನನಗಿರುವುದು ಎರಡೇ ಕಾಲು, ನಾನು ಹೋಗದ ಮನೆಗೆ ಈ ಕಾಗದ ಹೋಗುತ್ತದೆ ಎಂದಳು. ಕೆಲಸವನ್ನು ನಮ್ಮ ಪ್ರೆಸ್ಸಿಗೇ ತಂದವಳೂ ಅವಳೇ. ನನ್ನ ತಮ್ಮ ಬಹಳ ಸಾಫಾಗಿ ಮಾಡಿಕೊಡುತ್ತಾನೆ ಎಂದು ಬಾಯಾರಿಗೆ ಹೇಳಿದ್ದಳಂತೆ.

ಅಚ್ಚಾದ ಹಾಳೆಗಳು ಕಟಿಂಗಿಗೆ ಬಂದದ್ದು ಒಂದು ಮಧ್ಯಾಹ್ನ. ಮಾಲಕರು ಊಟಕ್ಕೆ ಹೋಗಿದ್ದರು. ಹಾಳೆಗಳ ಥಪ್ಪಿಯನ್ನು ಮಷಿನ್ನಿಗೆ ಹಾಕಿ ಅಂಚು ಸರಿಮಾಡುವುದು ದಿನದ ಕೆಲಸ. ಒಂದು ನೂಲಿನಷ್ಟು ಅಂಚು ಹೋಗಬೇಕು, ಅಷ್ಟೇ. ಎಷ್ಟು ಕತ್ತರಿಸಬೇಕೆಂದು ಗೊತ್ತುಮಾಡುವ ಹಿಂದಿನ ಗೇಜನ್ನು ನಾನು ನಾಲ್ಕು ಬೆರಳು ಸರಿಸಿದೆ. ಯಾರೂ ನನಗೆ ಹೇಳಿರಲಿಲ್ಲ, ನಾನೂ ಮೊದಲೇ ನಿಶ್ಚಯ ಮಾಡಿರಲಿಲ್ಲ. ಮುಂಡರಗಿಯಲ್ಲಿ ಮನೆಮನೆಗೆ ಹೋಗುವ ಕಾಗದ ಇದು ಎಂದಷ್ಟೇ ಹೊಳೆಯಿತು. ಬ್ಲೇಡು ಇಳಿಯಿತು. ಕೆಳಗೆ ಬಿದ್ದ ಪಟ್ಟಿಗಳ ಮೇಲೆಲ್ಲ ಅಕ್ಕ. ಒಂದೇ ಅಕ್ಕ, ಒಂದೇ ನಗು, ಒಂದರ ಮೇಲೊಂದು… ಅವನ್ನು ಬಾಚಿ ರದ್ದಿಯ ಚೀಲಕ್ಕೆ ತುಂಬಿದೆ. ಚೀಲ ತುಂಬಿದಾಗ ಕಾಲಿನಿಂದ ತುಳಿದು ಒತ್ತುವುದು ನಮ್ಮಲ್ಲಿ ರೂಢಿ. ಅವತ್ತೂ ತುಳಿದೆ.

ಮಾಲಕರು ಬಂದಾಗ, ಫೋಟೋ ಬೇಡವೆಂದು ಆಸ್ಪತ್ರೆಯವರೇ ಹೇಳಿದರು ಎಂದೆ. ಕಟ್ಟು ಕಟ್ಟಿ ಕಳಿಸಿದೆವು.

ಅಕ್ಕ ತನ್ನ ಪಾಲಿನ ಕಟ್ಟು ಬಿಚ್ಚಿದ್ದು ಹಮ್ಮಿಗಿಯಲ್ಲಿ, ಹೊಳೆದಂಡೆಯ ಆ ಊರಿನ ಹೆಂಗಸರ ಸಭೆಯಲ್ಲಿ. ಅಷ್ಟು ಹೊತ್ತಿಗೆ ಉಳಿದ ಕಟ್ಟುಗಳು ಆಶಾದವರ ಕೈ ಸೇರಿ ಮನೆಗಳಿಗೆ ಹೋಗಿಬಿಟ್ಟಿದ್ದವು. ಹಮ್ಮಿಗಿಯಲ್ಲಿ ಅಕ್ಕ ಇದ್ದಳು, ತನ್ನ ಬಾಯಿಂದ ಹೇಳಿದಳು. ಅವಳಿಲ್ಲದ ಊರುಗಳಿಗೆ ಬರೀ ಕಾಗದ ಹೋಯಿತು.

ಸಂಜೆ ಮನೆಗೆ ಬಂದವಳು ಕೈಕಾಲು ತೊಳೆದುಕೊಂಡು, ನನ್ನ ಎದುರಿಗೆ ಕುಳಿತು, ಒಂದು ಹಾಳೆ ನೆಲದ ಮೇಲಿಟ್ಟಳು. ಅದರ ಕೆಳಗಿನ ಅಂಚಿನ ಮೇಲೆ ಬೆರಳು ಎಳೆದಳು.

“ಭಾಳ ಸಾಫ ಕೊಯ್ದೀ. ಹೊಸಾ ಬ್ಲೇಡ್ ಹಾಕಿದ್ದೇನು?”

ನಾನು ಹಾಳೆಯನ್ನು ಮಡಚತೊಡಗಿದೆ.

“ಆಸ್ಪತ್ರ್ಯಾಗೂ ನನ್ನ ಕೊಯ್ದ್ರು, ತಮ್ಮಾ. ಅವರು ನನ್ನ ಕೇಳಿ ಕೊಯ್ದ್ರು. ಸಹಿ ತಗೊಂಡು.”

ಅವಳ ದನಿ ಏರಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ಜಗಳವಾಗಿ ಮುಗಿಯುತ್ತಿತ್ತು. ಪ್ರೆಸ್ಸಿನಲ್ಲಿ ತಪ್ಪಾಗಿದೆ ಎಂದಷ್ಟೇ ಬಾಯಾರಿಗೆ ಹೇಳಿದ್ದಳು, ನನ್ನ ಹೆಸರು ಎತ್ತಿರಲಿಲ್ಲ. ಮತ್ತೆ ಅಚ್ಚು ಹಾಕಲು ಬಾಯಾರು ಹೇಳಿದ್ದಾರೆ, ಈ ವಾರವೇ ಮಾಡಿಕೊಡು ಎಂದಳು. ಆಗ ನಾನು ಇನ್ನೊಂದು ತಪ್ಪು ಮಾಡಿದೆ. ಲಗ್ನ ಮುಗಿಯಲಿ ಎಂದೆ.

“ಮಂದಿ ಲಗ್ನ ಮುಗಿಯೂತನಕ ಗಂಟು ಕಾಯತೈತೇನು?” ಎಂದಳು. ಆಮೇಲೆ ಆ ಮಾತು ಬಿಟ್ಟಳು. ಅವಳು ಬಿಟ್ಟದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ಆಸ್ಪತ್ರೆಯವರು ಕೇಳಿದಾಗಲೆಲ್ಲ ಮಷಿನ್ನು ಕೆಟ್ಟಿದೆ, ಕಾಗದ ಬಂದಿಲ್ಲ ಎನ್ನುತ್ತ ಎರಡು ತಿಂಗಳು ತಳ್ಳಿದೆ. ಮಗಳ ಲಗ್ನ ಮುಂಡರಗಿಯಲ್ಲಿ ಚೆನ್ನಾಗಿ ಆಯಿತು. ಊಟದ ಪಂಕ್ತಿಯಲ್ಲಿ ಅಕ್ಕ ಮತ್ತು ಬೀಗತಿ ಒಂದೇ ಕಡೆ ಕುಳಿತಿದ್ದರು. ಅದನ್ನು ನೋಡಿ, ದೊಡ್ಡ ಗಂಡಾಂತರ ದಾಟಿದೆ ಎಂದು ನಾನು ಹಗುರಾಗಿದ್ದೆ.

ಲಗ್ನವಾದ ಮೇಲೂ ಅಚ್ಚಿನ ಕೆಲಸವನ್ನು ಮುಂದಕ್ಕೆ ತಳ್ಳುತ್ತಲೇ ಇದ್ದೆ. ಮೂರು ತಿಂಗಳ ಮೇಲೆ ಮಗಳ ಫೋನ್ ಬಂತು. ಅತ್ತೆಯ ಕುಪ್ಪಸ ಒಗೆಯುವಾಗ ಕಲೆ ಕಂಡಳಂತೆ. ಕೇಳಿದರೆ ಹೇಳಲಿಲ್ಲ. ಹಟ ಮಾಡಿ ನೋಡಿದರೆ, ಎದೆಯಲ್ಲಿ ಗಂಟು ಒಡೆದು ಹುಣ್ಣಾಗಿದೆ. ಸೋದರತ್ತೆಯನ್ನು ಕರೆದುಕೊಂಡು ಈಗಲೇ ಬಾ ಎಂದು ಅತ್ತಳು.

ಹೋದೆವು. ಅಕ್ಕ ಒಳಗೆ ಬೀಗತಿಯ ಮಂಚದ ಮೇಲೆ ಕುಳಿತಳು. ನಾನು ಬಾಗಿಲ ಹೊರಗೆ ಪಡಸಾಲೆಯಲ್ಲಿದ್ದೆ. ಎಲ್ಲವೂ ಕೇಳುತ್ತಿತ್ತು. ಅಕ್ಕ ಮೊದಲು ತನ್ನ ಕುಪ್ಪಸದ ತೋಳು ಏರಿಸಿ ಕೈ ತೋರಿಸಿರಬೇಕು, ತನಗೂ ಆದದ್ದನ್ನು ಹೇಳಿದಳು. ಆಮೇಲೆ ಅಕ್ಕ ಎಲ್ಲರಿಗೂ ಕೇಳುವುದನ್ನೇ ಕೇಳಿದಳು, ರೊಟ್ಟಿ ಬಡಿಯುವುದು ಬಿಟ್ಟು ಎಷ್ಟು ದಿನವಾಯಿತು ಎಂದು. ಲಗ್ನಕ್ಕಿಂತ ಮೊದಲೇ ಬಿಟ್ಟೆ, ಈ ಸಲದ ಜೋಳದ ಹಿಟ್ಟು ಸರಿಯಿಲ್ಲ ಎಂದು ಮಗನಿಗೆ ಹೇಳಿ ಅನ್ನ ಮಾಡುತ್ತಿದ್ದೆ ಎಂದರು ಬೀಗತಿ. ಆಶಾದವರು ಕೊಟ್ಟ ಕಾಗದವೂ ಅವರ ಹತ್ತಿರ ಇತ್ತು. ದೇವರ ಮಾಡದಲ್ಲಿ ಮಡಚಿ ಇಟ್ಟಿದ್ದರು.

“ಓದಿದ್ನ್ರಿ ಅಕ್ಕಾರ. ಎರಡ ಸಲ ಓದಿದ್ನಿ. ಮಗನ ಲಗ್ನ ಮುಗೀಲಿ ಅಂತ ಸುಮ್ಮನಿದ್ನಿ. ತಾಯಿಗಿ ಹಿಂತಾ ಬ್ಯಾನಿ ಅಂದ್ರ ಹೆಣ್ಣ ಕೊಡತಿದ್ದಿಲ್ಲ ನೀವು.”

ಮತ್ತೆ ಅಂದರು: “ನಿಮಗೂ ಇದ ಆಗಿತ್ತಂತ ಗೊತ್ತಾಗಿದ್ರ ಕೇಳತಿದ್ನ್ರಿ. ಎರಡ ಸಲ ನಿಮ್ಮ ಮಗ್ಗಲದಾಗ ಕುಂತಿದ್ನೆಲ್ಲ.”

ನಾನು ಎದ್ದು ಅಂಗಳಕ್ಕೆ ಹೋದೆ. ಕಾಗದದ ಕೆಳಗೆ ಏಕೆ ಯಾರ ಮುಖವೂ ಇರಲಿಲ್ಲ ಎಂದು ಅಕ್ಕ ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಅವತ್ತೂ ಹೇಳಲಿಲ್ಲ, ಬೀಗತಿಯ ಜೊತೆ ಹುಬ್ಬಳ್ಳಿಯ ಮಂಚದ ಪಕ್ಕದಲ್ಲಿ ಕುಳಿತ ತಿಂಗಳುಗಟ್ಟಲೆ ದಿನಗಳಲ್ಲೂ ಹೇಳಲಿಲ್ಲ. ಮುಂಡರಗಿಯಿಂದ ಬಂದ ಮರುದಿನ ನಾನು ಕರಪತ್ರ ಮತ್ತೆ ಅಚ್ಚು ಹಾಕಿಸಿದೆ. ಗೇಜು ನಾಲ್ಕು ಸಲ ನೋಡಿ ಕತ್ತರಿಸಿದೆ. ಅದನ್ನು ನೋಡಿ ಎಷ್ಟೋ ಊರಿನ ಹೆಂಗಸರು ಅಕ್ಕನನ್ನು ಹುಡುಕಿಕೊಂಡು ನಮ್ಮ ಮನೆಯವರೆಗೂ ಬಂದರು. ಕಾಗದದಾಗಿನಾಕಿ ಇದ್ದಾಳೇನು ಎಂದು ಕೇಳುತ್ತಿದ್ದರು. ಅವರು ಹಾಗೆ ಕೇಳಿದಾಗಲೆಲ್ಲ ನಾನು ಒಳಗೆ ಹೋಗುತ್ತಿದ್ದೆ.

ಬೀಗತಿ ವರ್ಷದ ಮೇಲೆ ಸ್ವಲ್ಪ ದಿನ ಬದುಕಿದರು. ಲಗ್ನಕ್ಕಿಂತ ಮುಂಚೆಯೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಬಾಯಾರನ್ನು ನಾನೇ ಕೇಳಿದೆ. ಖಾತ್ರಿಯಾಗಿ ಹೇಳಲು ಬರುವುದಿಲ್ಲ, ಆಗ ಮಾಡಲಿಕ್ಕೆ ಹೆಚ್ಚು ದಾರಿಗಳಿರುತ್ತಿದ್ದವು ಎಂದರು. ಆ ಮಾತನ್ನು ನಾನು ಇಷ್ಟು ವರ್ಷ ಎರಡೂ ಕಡೆಗೆ ತಿರುಗಿಸಿ ನೋಡಿದ್ದೇನೆ…

ಅಕ್ಕನಿಗೂ ರೋಗ ತಿರುಗಿ ಬಂತು, ಈ ಸಲ ಎಲುಬಿಗೆ. ಕೊನೆಯ ಸಭೆಗೆ ನಾನೇ ಅವಳನ್ನು ಎತ್ತಿ ಕಾರಿನಲ್ಲಿ ಕೂಡಿಸಿ ಕರೆದುಕೊಂಡು ಹೋದೆ. ಕರಪತ್ರದ ಮಾತು ಬದಲಿಸಬೇಕೆಂದು ಹೇಳಲಿಕ್ಕೇ ಅವಳು ಹೋದದ್ದು. ಮತ್ತೆ ಬಂದಿದೆ ಎಂದು ಬರೆದರೆ ಹೆಂಗಸರು ಹೆದರಿ ಬರುವುದನ್ನು ಬಿಟ್ಟಾರು ಎಂದು ಒಬ್ಬ ದೊಡ್ಡ ಡಾಕ್ಟರು ಅಂದರು.

“ಇಷ್ಟ ವರ್ಷ ಬದುಕಿದ್ದೂ ಖರೆ, ಹೊಳ್ಳಿ ಬಂದಿದ್ದೂ ಖರೆ. ಎರಡೂ ಹಾಕ್ರಿ. ಒಂದ ಹಾಕಿ ಒಂದ ಮುಚ್ಚಬ್ಯಾಡ್ರಿ,” ಎಂದಳು. ನಾನು ಗೋಡೆಗೆ ಆತುಕೊಂಡು ನಿಂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ.

ಅವಳು ಇರುವವರೆಗೆ ತಪ್ಪಾಯಿತು ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಔಷಧ ಕೊಟ್ಟೆ, ಹಾಸಿಗೆ ಬದಲಿಸಿದೆ, ತಲೆ ಬಾಚಿದೆ. ಅದೇ ಕ್ಷಮೆ ಕೇಳಿದ ಹಾಗೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ ಎಂದು ಈಗ ಗೊತ್ತಿದೆ.

ಟ್ರಂಕು ತೆಗೆದ ಮರುವಾರವೇ ಬಾಯಾರ ಫೋನ್ ಬಂತು. ಅವರಿಗೂ ಈಗ ವಯಸ್ಸಾಗಿದೆ. ಹೊಸ ಸಂಶೋಧನೆ ಶುರುವಾಗುತ್ತದೆ, ಅದರ ಪುಸ್ತಿಕೆಯಲ್ಲಿ ಅಕ್ಕನ ಫೋಟೋ, ಅಕ್ಕನ ಮಾತು ಹಾಕಬೇಕೆಂದಿದ್ದೇವೆ, ಅವರಿಲ್ಲದ್ದರಿಂದ ಮನೆಯವರ ಒಪ್ಪಿಗೆ ಬೇಕು ಎಂದರು. ಟಪಾಲಿನಲ್ಲಿ ಕಾಗದ ಬಂತು. ಸಂಬಂಧ ಎಂದಿರುವ ಕಡೆ ತಮ್ಮ ಎಂದು ಬರೆದೆ. ಸಹಿಯ ಜಾಗಕ್ಕೆ ಬಂದಾಗ ಪೆನ್ನು ಕೆಳಗಿಟ್ಟೆ. ಆ ಮುಖದ ಬಗ್ಗೆ ಬೇಕು ಬೇಡ ಎನ್ನುವ ಅಧಿಕಾರ ನನಗೆ ಉಳಿದಿಲ್ಲ. ಬೇರೊಂದು ಖಾಲಿ ಒಪ್ಪಿಗೆಯ ಕಾಗದ ತರಿಸಿಕೊಂಡು ಮುಂಡರಗಿಗೆ ಹೋದೆ. ಮಗಳ ಮುಂದೆ ಅದನ್ನಿಟ್ಟು, ನಾನೇಕೆ ಸಹಿ ಮಾಡಲಾರೆ ಎಂಬುದನ್ನು ಗೇಜು ಸರಿಸಿದಲ್ಲಿಂದ ಶುರುಮಾಡಿ ಹೇಳಿದೆ.

ಅವಳು ಪೂರ್ತಿ ಕೇಳಿದಳು. ತನ್ನ ಅತ್ತೆಗೆ ಇದು ಗೊತ್ತಿತ್ತೇ ಎಂದು ಕೇಳಿದಳು. ಇಲ್ಲ, ಅಕ್ಕ ಹೇಳಲಿಲ್ಲ ಎಂದೆ. ಒಲೆಯ ಮೇಲಿನ ಹಾಲು ಇಳಿಸಿ ಬಂದು ಮತ್ತೆ ಕುಳಿತಳು.

“ನನ್ನ ಸಲುವಾಗಿ ಮಾಡಿದ್ನಿ ಅನಬ್ಯಾಡ, ಅಪ್ಪಾ. ನನ್ನನ್ನೂ ಯಾರೂ ಕೇಳಿದ್ದಿಲ್ಲ.”

ಕಾಗದ ಇಟ್ಟು ಹೋಗು, ವಿಚಾರ ಮಾಡುತ್ತೇನೆ ಎಂದಳು. ಬಸ್ ನಿಲ್ದಾಣದವರೆಗೆ ಪ್ರತಿ ಸಲ ಬರುವವಳು ಅವತ್ತು ಬರಲಿಲ್ಲ.

ಹದಿನೈದು ದಿನವಾಯಿತು. ಬಾಯಾರು ಒಮ್ಮೆ ಫೋನ್ ಮಾಡಿದ್ದರು. ಕಾಗದ ಮಗಳ ಹತ್ತಿರ ಇದೆ, ಅವಳು ಬೇಡ ಅಂದರೆ ಬೇಡ ಎಂದೆ. ಅವಸರವಿಲ್ಲ ಎಂದರು. ಅಕ್ಕ ಇದ್ದಿದ್ದರೆ ಯಾರೂ ಕಾಯಬೇಕಾಗಿರಲಿಲ್ಲ, ಅವಳನ್ನೇ ಕೇಳಬಹುದಿತ್ತು. ನಾನು ಗೇಜು ಸರಿಸಿದ ಆ ಮಧ್ಯಾಹ್ನ ಅವಳು ಬೆಟಗೇರಿಯ ಮನೆಯಲ್ಲೇ ಇದ್ದಳು. ಸೈಕಲ್ ಹತ್ತಿ ಹೋಗಿ ಕೇಳಿ ಬರಲು ಅರ್ಧ ತಾಸು ಕೂಡ ಹಿಡಿಯುತ್ತಿರಲಿಲ್ಲ.